ಮುಂದಕ್ಕೂ ಹೋಗಬೇಕು, ಇಲ್ಲೂ ಇರಬೇಕು

ಮಲೆನಾಡಿನಲ್ಲಿ ಮೇಷ್ಟ್ರುಗಳಿಗೂ ಬ್ಯಾಂಕಿನವರಿಗೂ ವರ್ಗಾವಣೆ ಮಾಮೂಲು. ಹೊಸನಗರದಲ್ಲಿದ್ದವರು ಸಾಗರಕ್ಕೆ, ಸಾಗರದವರು ಸೊರಬಕ್ಕೆ. ಹೋಗುವ ಮೊದಲು ಅಂಚೆ ಕಚೇರಿಗೆ ಬರೆದು ಕೊಟ್ಟರೆ, ಹಳೇ ವಿಳಾಸಕ್ಕೆ ಬಂದ ಕಾಗದವನ್ನು ಹೊಸ ವಿಳಾಸ ಬರೆದು ಮುಂದಕ್ಕೆ ಕಳಿಸುತ್ತಾರೆ. ಆದರೆ ಕಾಗದ ಒಂದೇ. ಅದು ಸಾಗರಕ್ಕೆ ಹೊರಟ ಮೇಲೆ ಹೊಸನಗರದಲ್ಲಿ ಏನೂ ಉಳಿಯುವುದಿಲ್ಲ. ದಾರಿಯಲ್ಲಿ ಕಳೆದುಹೋದರೆ ಮುಗಿಯಿತು.

ಇಮೇಲಿನಲ್ಲೂ ಇದೇ ಸೌಕರ್ಯ ಇದೆ. ಒಂದು ವಿಳಾಸಕ್ಕೆ ಬಂದ ಮೇಲ್ ತಾನಾಗಿಯೇ ಇನ್ನೊಂದಕ್ಕೆ ಹೋಗುವ ಹಾಗೆ ಫಾರ್ವರ್ಡ್ ಹಾಕಬಹುದು. ಅದರ ಪಕ್ಕದಲ್ಲೇ ಅಂಚೆಯವರು ಕೊಡಲಾಗದ ಇನ್ನೊಂದು ಸೌಕರ್ಯವೂ ಇರುತ್ತದೆ: ಮುಂದಕ್ಕೆ ಕಳಿಸು, ಇಲ್ಲೂ ಒಂದು ಪ್ರತಿ ಇಟ್ಟುಕೋ. ಸೆಟ್ಟಿಂಗಿನ ಪುಟದಲ್ಲಿ ಅದು ಒಂದು ಪುಟ್ಟ ಟಿಕ್ ಮಾರ್ಕ್ ಅಷ್ಟೇ. ಹೆಚ್ಚಿನವರು ಸುಮ್ನೆ ದಾಟಿ ಹೋಗುತ್ತಾರೆ. ಒಂದು ಮೇಲ್ ಕಾಣೆಯಾದ ದಿನ ಮಾತ್ರ ಅದರ ನೆನಪಾಗುತ್ತದೆ.

ಹೊಸನಗರದ ಕಡೆಯ ಒಂದು ಸಹಕಾರ ಸಂಘದ ಕಾರ್ಯದರ್ಶಿಯವರು ನನ್ನ ಹತ್ತಿರ ಕೇಳಿದ್ದೂ ಇದನ್ನೇ. ಸಂಘಕ್ಕೆ ಸ್ವಂತ ಹೆಸರಿನ ಇಮೇಲ್ ಇದೆ. ಬ್ಯಾಂಕಿನ ಸ್ಟೇಟ್‌ಮೆಂಟ್, ಶಿವಮೊಗ್ಗದ ಮಂಡಿಯ ಅಡಿಕೆ ಧಾರಣೆ, ಮಳೆಗಾಲಕ್ಕೆ ಮುಂಚೆ ಮೈಲುತುತ್ತದ ಕೊಟೇಶನ್ ಎಲ್ಲ ಅದಕ್ಕೇ ಬರುತ್ತವೆ. ಕಾರ್ಯದರ್ಶಿಯವರು ವಾರದ ಅರ್ಧದಷ್ಟು ದಿನ ಮೀಟಿಂಗಿಗೆ, ಬ್ಯಾಂಕಿಗೆ ಅಂತ ಓಡಾಟದಲ್ಲಿರುತ್ತಾರೆ. "ಮೇಲ್ ನನ್ನ ಫೋನಿಗೂ ಬರ್ಬೇಕು ಮಾರಾಯ್ರೆ, ಆಫೀಸಲ್ಲೂ ಇರ್ಬೇಕು. ನಾಳೆ ಆಡಿಟ್‌ನವರು ಬಂದ್ರೆ ನನ್ನ ಫೋನ್ ತೋರ್ಸೋಕಾಗುತ್ತಾ?" ಅಂದರು. ಸರಿಯಾದ ಮಾತು. ಸಂಘದ ದಾಖಲೆ ಸಂಘದಲ್ಲೇ ಇರಬೇಕು, ಕಾರ್ಯದರ್ಶಿ ಯಾರೇ ಆಗಿರಲಿ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಕಂಪ್ಯೂಟರಿನ ಒಂದು ಮೂಲ ಗುಣ ಗೊತ್ತಿರಬೇಕು. ಅಲ್ಲಿ ಸಾಗಣೆ ಎನ್ನುವುದೇ ಇಲ್ಲ. ಇರುವುದು ಎರಡೇ ಕೆಲಸ: ನಕಲು ಮಾಡುವುದು, ಅಳಿಸುವುದು. ನಾವು 'ಕಳಿಸಿದೆ' ಅನ್ನುವಾಗ ನಿಜವಾಗಿ ಆಗುವುದು ಆ ಕಡೆ ಒಂದು ನಕಲು ಹುಟ್ಟುವುದು, ಆಮೇಲೆ ಈ ಕಡೆಯದು ಅಳಿಯುವುದು ಅಥವಾ ಉಳಿಯುವುದು.

ಇಮೇಲ್ ಶುರುವಾದದ್ದೇ ಹೀಗೆ. 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಮೇಲ್ ಕಳಿಸಿದರು. ಎರಡೂ ಯಂತ್ರಗಳು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇದ್ದವು, ನಡುವಿನ ಸಂಪರ್ಕ ಮಾತ್ರ ಅರ್ಪಾನೆಟ್ ಎಂಬ ಜಾಲದ ಮೂಲಕ. ಒಂದೇ ಯಂತ್ರ ಬಳಸುವವರ ನಡುವೆ ಸಂದೇಶ ಬಿಡುವ ಪ್ರೋಗ್ರಾಂ ಆಗಲೇ ಇತ್ತು. ಜಾಲದ ಮೇಲೆ ಫೈಲ್ ನಕಲು ಮಾಡುವ ಪ್ರೋಗ್ರಾಂ ಕೂಡ ಅವರ ಕೈಯಲ್ಲಿತ್ತು. ಎರಡನ್ನೂ ಜೋಡಿಸಿದರು. ಆಗಿನ ಅಂಚೆಪೆಟ್ಟಿಗೆ ಅಂದರೆ ಒಂದು ಫೈಲ್. ಬೇರೆಯವರು ಅದರ ಕೊನೆಗೆ ಸೇರಿಸಬಹುದು, ಓದಲಾಗದು, ತಿದ್ದಲಾಗದು. ಮೇಲ್ ತಲುಪುವುದು ಅಂದರೆ ಆ ಫೈಲಿನ ತುದಿಗೆ ಇನ್ನಷ್ಟು ಸಾಲು ಸೇರುವುದು.

ಹಾಗಾಗಿ ಇಲ್ಲೊಂದು ಪ್ರತಿ ಇಟ್ಟುಕೋ ಅನ್ನುವುದು ಸರ್ವರಿಗೆ, ಅಂದರೆ ನಮ್ಮ ಮೇಲ್ ಪಡೆದು ಇಟ್ಟುಕೊಳ್ಳುವ, ಕಳಿಸುವ ಕಂಪ್ಯೂಟರಿಗೆ, ದೊಡ್ಡ ಬೇಡಿಕೆ ಏನಲ್ಲ. ಮುಂದಕ್ಕೆ ಕಳಿಸುವಾಗಲೂ ಅದು ಮಾಡುವುದು ನಕಲನ್ನೇ. ಕಷ್ಟದ ಪ್ರಶ್ನೆ ಬೇರೆ ಇದೆ. ತನ್ನ ಕೈಯಲ್ಲಿರುವ ಪ್ರತಿಯನ್ನು ಸರ್ವರ್ ಯಾವ ಧೈರ್ಯದ ಮೇಲೆ ಅಳಿಸಬೇಕು?

ಇದಕ್ಕೆ ಉತ್ತರ ಎರಡು ಸರ್ವರುಗಳ ಮಾತುಕತೆಯಲ್ಲಿದೆ. ಆ ಮಾತಿನ ನಿಯಮವನ್ನು 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟರು. ಎಸ್‌ಎಂಟಿಪಿ ಎಂದು ಅದರ ಹೆಸರು. ಅಲ್ಲಲ್ಲಿ ತಿದ್ದುಪಡಿ ಆಗಿದ್ದರೂ ಇವತ್ತಿಗೂ ಜಗತ್ತಿನ ಮೇಲ್ ಎಲ್ಲ ಆ ಭಾಷೆಯಲ್ಲೇ ಓಡಾಡುತ್ತದೆ. ಬೆಂಗಳೂರಿನ ಒಬ್ಬ ವ್ಯಾಪಾರಿ ಸಂಘಕ್ಕೆ ಮೈಲುತುತ್ತದ ಕೊಟೇಶನ್ ಕಳಿಸಿದರು ಅನ್ನಿ. ವ್ಯಾಪಾರಿಯ ಸರ್ವರ್ ಸಂಘದ ಸರ್ವರಿಗೆ ಕರೆ ಮಾಡಿ 'ಈಹಲೋ' ಎಂದು ತನ್ನ ಹೆಸರು ಹೇಳುತ್ತದೆ. ಈ ಕಡೆಯಿಂದ ಬರುವ ಉತ್ತರ ಒಂದು ಸಂಖ್ಯೆ, 250. ಸರಿ ಎಂದು ಅರ್ಥ. 'ಮೇಲ್ ಫ್ರಮ್' ಎಂದು ಕಳಿಸಿದವರ ವಿಳಾಸ. ಮತ್ತೆ 250. 'ಆರ್‌ಸಿಪಿಟಿ ಟು' ಎಂದು ಪಡೆಯುವವರ ವಿಳಾಸ. ಅಂಥ ವಿಳಾಸ ಇದ್ದರೆ 250, ಇಲ್ಲದಿದ್ದರೆ 550. ಆಮೇಲೆ 'ಡೇಟಾ'. ಇದಕ್ಕೆ 354, ಹೇಳಿ ಕೇಳುತ್ತಿದ್ದೇನೆ ಎಂದು. ಆಗ ಇಡೀ ಪತ್ರ ಸಾಲು ಸಾಲಾಗಿ ಹರಿಯುತ್ತದೆ. ಮುಗಿಯಿತು ಎನ್ನಲು ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ.

ಚುಕ್ಕಿ ಇಟ್ಟ ಮೇಲೆ ವ್ಯಾಪಾರಿಯ ಸರ್ವರ್ ಕಾಯುತ್ತದೆ. ಸಂಘದ ಸರ್ವರ್ ಪತ್ರವನ್ನು ಡಿಸ್ಕಿಗೆ ಬರೆದು, ಬರೆದದ್ದು ಗಟ್ಟಿಯಾಯಿತು ಎಂದು ಖಾತ್ರಿ ಮಾಡಿಕೊಂಡು, ಇನ್ನೊಮ್ಮೆ 250 ಎನ್ನುತ್ತದೆ. ಮೊದಲಿನ 250ಗಳಿಗೂ ಇದಕ್ಕೂ ಅಜಗಜಾಂತರ. ಈ ಕೊನೆಯ 250 ಹೇಳಿದ ಗಳಿಗೆಯಿಂದ ಪತ್ರದ ಹೊಣೆ ಈ ಕಡೆಗೆ ಬಂತು. ಆ ಕಡೆಯವರು ತಮ್ಮ ಕ್ಯೂನಿಂದ, ಅಂದರೆ ಕಳಿಸಲು ಕಾದಿರುವ ಮೇಲುಗಳ ಸಾಲಿನಿಂದ, ಅದನ್ನು ಅಳಿಸಿಬಿಡಬಹುದು. ಯಂತ್ರ ಕೆಟ್ಟಿತು, ಜಾಗ ಸಾಲಲಿಲ್ಲ ಎಂಬಂಥ ಕ್ಷುಲ್ಲಕ ಕಾರಣಕ್ಕೆ ಪತ್ರ ಕಳೆಯಕೂಡದು ಎಂದು ನಿಯಮದಲ್ಲೇ ಬರೆದಿದೆ. ಕರೆಂಟ್ ಹೋಯಿತು ಅನ್ನುವ ನೆಪವೂ ನಡೆಯುವುದಿಲ್ಲ.

ಒಂದು ಸಣ್ಣ ಸಂದು ಮಾತ್ರ ಇಲ್ಲಿ ಉಳಿದಿದೆ. ಸಂಘದ ಸರ್ವರ್ 250 ಎಂದಿತು, ಅದು ಆ ಕಡೆ ಕೇಳಿಸುವ ಮೊದಲು ಲೈನ್ ಕಡಿಯಿತು ಅನ್ನಿ. ವ್ಯಾಪಾರಿಯ ಸರ್ವರಿಗೆ ಪತ್ರ ಸೇರಿತೋ ಇಲ್ಲವೋ ತಿಳಿಯದು. ಅದು ಮತ್ತೊಮ್ಮೆ ಕಳಿಸುತ್ತದೆ. ಒಂದೇ ಮೇಲ್ ಎರಡು ಸಲ ಬಂದು ಕೂತಿರುವುದನ್ನು ನೀವೂ ನೋಡಿರಬಹುದು, ಅಲ್ವಾ? ಕಡಿದುಹೋಗಬಲ್ಲ ಲೈನಿನ ಮೇಲೆ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗುವಂತೆ ಮಾಡಲು ಸಾಧ್ಯವೇ ಇಲ್ಲ ಎಂದು 1970ರ ದಶಕದಲ್ಲೇ ಕಂಪ್ಯೂಟರ್ ವಿಜ್ಞಾನಿಗಳು ತೋರಿಸಿದ್ದಾರೆ. ಕಳೆದುಹೋಗುವುದಕ್ಕಿಂತ ಎರಡು ಬಂದರೂ ಪರವಾಗಿಲ್ಲ ಎಂದು ಇಮೇಲ್ ಕಟ್ಟಿದವರು ಆರಿಸಿಕೊಂಡರು. ಒಳ್ಳೇ ಆಯ್ಕೆ.

ಈಗ ಫಾರ್ವರ್ಡಿಗೆ ಬರೋಣ. ಸಂಘದ ಸರ್ವರ್ ಈ ವಿಳಾಸಕ್ಕೆ ಬಂದದ್ದನ್ನು ಯಾರಿಗೆ ಮುಟ್ಟಿಸಬೇಕು ಎಂದು ಪಟ್ಟಿ ನೋಡುತ್ತದೆ. ಪಟ್ಟಿಯಲ್ಲಿ ಕಾರ್ಯದರ್ಶಿಯ ಜೀಮೇಲ್ ಒಂದೇ ಇದ್ದರೆ ಪಡೆಯುವವರು ಒಬ್ಬರೇ. ಜೀಮೇಲಿನ ಸರ್ವರ್ 250 ಎಂದ ಕೂಡಲೇ ಸಂಘದ ಸರ್ವರಿನ ಹೊಣೆ ಮುಗಿಯಿತು, ಕ್ಯೂನಲ್ಲಿದ್ದ ಪ್ರತಿ ಅಳಿಯಿತು. ಸಂಘದ ಅಂಚೆಪೆಟ್ಟಿಗೆಗೆ ಅದು ಬರುವುದೇ ಇಲ್ಲ. ಪಟ್ಟಿಯಲ್ಲಿ ಜೀಮೇಲ್ ಜೊತೆಗೆ ಸಂಘದ ಪೆಟ್ಟಿಗೆಯೂ ಇದ್ದರೆ ಪಡೆಯುವವರು ಇಬ್ಬರಾದರು. ಪತ್ರ ಒಂದು, ಮುಟ್ಟಿಸಬೇಕಾದ ಕಡೆ ಎರಡು. ಸರ್ವರ್ ಎರಡರ ಲೆಕ್ಕವನ್ನೂ ಬೇರೆ ಬೇರೆ ಇಡುತ್ತದೆ. ಒಂದು ಕಡೆ ಸೇರಿತು ಎಂದು ಇನ್ನೊಂದನ್ನು ಮರೆಯುವುದಿಲ್ಲ. ಒಂದು ಕಡೆ ತಡವಾದರೆ ಇನ್ನೊಂದನ್ನು ಕಾಯಿಸುವುದೂ ಇಲ್ಲ.

1980ರ ದಶಕದಲ್ಲಿ ಇದನ್ನು ಕೈಯಾರೆ ಬರೆಯಬೇಕಿತ್ತು. ಬರ್ಕ್ಲಿ ವಿಶ್ವವಿದ್ಯಾಲಯದ ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್ ಎಂಬ ತಂತ್ರಾಂಶ ಆಗ ಹೆಚ್ಚಿನ ಯೂನಿಕ್ಸ್ ಯಂತ್ರಗಳಲ್ಲಿತ್ತು. ಬಳಕೆದಾರ ತನ್ನ ಹೋಮ್ ಡೈರೆಕ್ಟರಿಯಲ್ಲಿ, ಅಂದರೆ ಆ ಯಂತ್ರದಲ್ಲಿ ತನ್ನ ಫೈಲುಗಳಿಗೆಂದು ಇರುವ ಜಾಗದಲ್ಲಿ, 'ಡಾಟ್ ಫಾರ್ವರ್ಡ್' ಎಂಬ ಪುಟ್ಟ ಫೈಲ್ ಇಟ್ಟು ಅದರಲ್ಲಿ ಹೊಸ ವಿಳಾಸ ಬರೆದರೆ ಮೇಲ್ ಅಲ್ಲಿಗೆ ಹೋಗುತ್ತಿತ್ತು. ಇಲ್ಲೂ ಒಂದು ಪ್ರತಿ ಬೇಕಾದರೆ ತನ್ನ ಹೆಸರನ್ನೂ ಬರೆಯಬೇಕು. ಅಲ್ಲೇ ತೊಡಕು. ತನ್ನ ಹೆಸರು ಕಂಡ ತಂತ್ರಾಂಶ 'ಇವರಿಗೆ ಫಾರ್ವರ್ಡ್ ಇದೆಯಾ?' ಎಂದು ಮತ್ತೆ ಅದೇ ಫೈಲನ್ನು ತೆರೆಯುತ್ತದೆ. ಅಲ್ಲಿ ಮತ್ತೆ ಅದೇ ಹೆಸರು. ಹಾಗಾಗಿ ಹೆಸರಿನ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಗೀಟು ಹಾಕುವ ಪದ್ಧತಿ ಬಂತು. ಇನ್ನು ಹುಡುಕಬೇಡ, ಈ ಪೆಟ್ಟಿಗೆಗೇ ಹಾಕು ಎಂದು ಅದರ ಅರ್ಥ. ಇವತ್ತು ನಾವು ಒತ್ತುವ ಟಿಕ್ ಮಾರ್ಕಿನ ಅಜ್ಜ ಈ ಓರೆ ಗೀಟು.

ಆಮೇಲೆ ಸರ್ವರಿನಲ್ಲೇ ಮೇಲ್ ವಿಂಗಡಿಸುವ ನಿಯಮ ಬರೆಯಲು ಸೀವ್ ಎಂಬ ಪುಟ್ಟ ಭಾಷೆ ಬಂತು. 2001ರಲ್ಲಿ ಅದರ ಮೊದಲ ಮಾನಕ ಹೊರಬಿತ್ತು. ಅದರಲ್ಲಿ 'ರೀಡೈರೆಕ್ಟ್' ಎಂದು ಬರೆದರೆ ಸ್ಥಳೀಯ ಪ್ರತಿ ತಾನಾಗಿಯೇ ರದ್ದು. ಕಳಿಸಿದ ಮೇಲೆ ಇಲ್ಲೇಕೆ ಎಂಬ ಲೆಕ್ಕ. ಜನಕ್ಕೆ ಎರಡೂ ಬೇಕಿತ್ತು. 2004ರಲ್ಲಿ ಅದಕ್ಕೆ 'ಕಾಪಿ' ಎಂಬ ಸೇರ್ಪಡೆ ಬಂತು, ಅದನ್ನು ಜೊತೆಗೆ ಬರೆದರೆ ಪ್ರತಿ ಇಲ್ಲೂ ಉಳಿಯುತ್ತದೆ. ಜೀಮೇಲಿನಂಥ ಕಡೆ ಈ ತಲೆನೋವಿಲ್ಲ. ಫಾರ್ವರ್ಡ್ ಹಾಕುವಾಗ ಪ್ರತಿಯನ್ನು ಇನ್‌ಬಾಕ್ಸಿನಲ್ಲಿ ಹಾಗೇ ಇಡಲೇ, ಓದಿದ ಹಾಗೆ ಗುರುತು ಹಾಕಲೇ, ಆರ್ಕೈವಿಗೆ ಸರಿಸಲೇ, ಅಳಿಸಲೇ ಎಂದು ಅದೇ ಕೇಳುತ್ತದೆ. ಆಫೀಸಿನಲ್ಲೂ ಒಬ್ಬರು ಮೇಲ್ ನೋಡುತ್ತಾರೆ ಅನ್ನುವಾಗ ಮೊದಲನೆಯದೇ ಸರಿ. ಓದಿದ ಗುರುತು ಬಿದ್ದಿದ್ದರೆ ಅವರು 'ಸಾಹೇಬ್ರು ನೋಡಿದ್ದಾರೆ' ಅಂದುಕೊಂಡು ಸುಮ್ಮನಾಗಿಬಿಡುತ್ತಾರೆ.

ಕೈಯಿಂದ ಫಾರ್ವರ್ಡ್ ಗುಂಡಿ ಒತ್ತುವುದು ಬೇರೆ, ಈ ತಾನಾಗಿ ಹೋಗುವುದು ಬೇರೆ. ಕೈಯಿಂದ ಮಾಡಿದಾಗ ಹೊಸ ಪತ್ರವೇ ಹುಟ್ಟುತ್ತದೆ, ಕಳಿಸಿದವರು ನೀವಾಗುತ್ತೀರಿ. ತಾನಾಗಿ ಹೋದಾಗ ಒಳಗಿನ ಪತ್ರ ಹಾಗೇ ಇರುತ್ತದೆ, 'ಆರ್‌ಸಿಪಿಟಿ ಟು' ಸಾಲು ಮಾತ್ರ ಬದಲಾಗುತ್ತದೆ. ಅದಕ್ಕೇ ಕಾರ್ಯದರ್ಶಿಯವರ ಫೋನಿನಲ್ಲೂ 'ಟು' ಎಂಬಲ್ಲಿ ಸಂಘದ ವಿಳಾಸವೇ ಕಾಣುತ್ತದೆ. ಅವರು ಅಲ್ಲಿಂದಲೇ ಉತ್ತರ ಬರೆದರೆ ಅದು ಹೋಗುವುದು ಅವರ ಸ್ವಂತ ವಿಳಾಸದಿಂದ. ವ್ಯಾಪಾರಿಗೆ 'ಇವರ್ಯಾರು?' ಅನ್ನಿಸಬಹುದು. ಆ ಉತ್ತರದ ಪ್ರತಿ ಸಂಘದಲ್ಲಿ ಉಳಿಯುವುದೂ ಇಲ್ಲ. ಪ್ರತಿ ಉಳಿಸುವ ಟಿಕ್ ಬರುವ ಮೇಲಿಗೆ ಮಾತ್ರ, ಹೋಗುವ ಮೇಲಿಗೆ ಅಲ್ಲ.

ಮಲೆನಾಡಿನವರು ವಿಶೇಷವಾಗಿ ನೋಡಬೇಕಾದ ವಿಷಯ ಒಂದಿದೆ. ಈ ನಿಯಮ ಎಲ್ಲಿ ಕೂತಿದೆ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಹೊಸನಗರ, ತೀರ್ಥಹಳ್ಳಿಯ ಕಡೆಯೂ ಜುಲೈ ಬಂತೆಂದರೆ ಲೈನಿನ ಮೇಲೆ ಮರ ಬೀಳುವುದು, ಕರೆಂಟ್ ಹೋಗುವುದು, ಫೈಬರ್ ಕಡಿಯುವುದು ಹೊಸತಲ್ಲ. ಫಾರ್ವರ್ಡ್ ನಿಯಮ ಮೇಲ್ ಸರ್ವರಿನಲ್ಲಿದ್ದರೆ ಇದ್ಯಾವುದೂ ಅದಕ್ಕೆ ತಟ್ಟುವುದಿಲ್ಲ. ಆ ಸರ್ವರ್ ಎಲ್ಲೋ ಡೇಟಾ ಸೆಂಟರಿನಲ್ಲಿ ಇರುತ್ತದೆ. ಸಂಘದ ಕಚೇರಿ ಇಡೀ ದಿನ ಕತ್ತಲಲ್ಲಿದ್ದರೂ ಮೇಲ್ ಕಾರ್ಯದರ್ಶಿಯವರ ಖಾತೆಗೆ ಹೋಗುತ್ತಲೇ ಇರುತ್ತದೆ. ಆದರೆ ಕೆಲವರು ಕಚೇರಿಯ ಕಂಪ್ಯೂಟರಿನಲ್ಲಿರುವ ಮೇಲ್ ತಂತ್ರಾಂಶದ ಫಿಲ್ಟರಿನಲ್ಲಿ ಫಾರ್ವರ್ಡ್ ಬರೆದಿಟ್ಟಿರುತ್ತಾರೆ. ಥಂಡರ್‌ಬರ್ಡ್ ಫಿಲ್ಟರುಗಳು ಹೀಗೆ ಕಂಪ್ಯೂಟರಿನಲ್ಲೇ ಓಡುವಂಥವು. ಔಟ್‌ಲುಕ್‌ನ ಕೆಲವು ನಿಯಮಗಳೂ ಹಾಗೇ. ಆ ಕಂಪ್ಯೂಟರ್ ಆನ್ ಇರಬೇಕು, ತಂತ್ರಾಂಶ ತೆರೆದಿರಬೇಕು, ನೆಟ್ ಇರಬೇಕು. ಅತಿ ಹೆಚ್ಚು ಬೇಕಾದ ದಿನವೇ ಅದು ಮಲಗಿರುತ್ತದೆ. ನಿಯಮ ಬ್ರೌಸರಿನಲ್ಲಿ ತೆರೆದ ಮೇಲ್ ಸೆಟ್ಟಿಂಗಿನಲ್ಲಿ ಕಂಡರೆ ಅದು ಸರ್ವರಿನದು ಎಂದು ನಂಬಬಹುದು.

'ಸ್ಥಳೀಯ ಪ್ರತಿ' ಎಂದಾಗಲೂ ಇದೇ ಗೊಂದಲ. ಸ್ಥಳೀಯ ಎಂದರೆ ಹೊಸನಗರದ ಕಂಪ್ಯೂಟರ್ ಅಲ್ಲ, ಆ ಸರ್ವರಿನಲ್ಲಿರುವ ಸಂಘದ ಪೆಟ್ಟಿಗೆ. ಕಚೇರಿಯ ಕಂಪ್ಯೂಟರ್ ಪಾಪ್ ವಿಧಾನದಲ್ಲಿ ಮೇಲ್ ಇಳಿಸಿಕೊಂಡು ಸರ್ವರಿನಿಂದ ಅಳಿಸುವ ಹಾಗೆ ಹೊಂದಿಸಿದ್ದರೆ, ಉಳಿದ ಒಂದೇ ಪ್ರತಿ ಆ ಹಾರ್ಡ್ ಡಿಸ್ಕಿನಲ್ಲಿ. ಸಿಡಿಲಿಗೆ ಕಂಪ್ಯೂಟರ್ ಹೋದರೆ ದಾಖಲೆಯೂ ಹೋಯಿತು. 'ಸರ್ವರಿನಲ್ಲಿ ಪ್ರತಿ ಬಿಡು' ಎಂಬ ಆಯ್ಕೆ ಆ ತಂತ್ರಾಂಶದಲ್ಲೂ ಇರುತ್ತದೆ, ಅದನ್ನೂ ನೋಡಬೇಕು.

ಇನ್ನು ಪ್ರತಿ ಯಾಕೆ ಬೇಕೇ ಬೇಕು ಎನ್ನುವುದು. ಫಾರ್ವರ್ಡ್ ಆದ ಮೇಲ್ ತಲುಪದೇ ಇರಲು ದಾರಿಗಳು ಬೇಕಾದಷ್ಟಿವೆ.

ಸುಲಭದ್ದು ಮೊದಲು. ಜೀಮೇಲಿನ ಉಚಿತ ಜಾಗ 15 ಜಿಬಿ, ಅದರಲ್ಲಿ ಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಪಾಲು. 2021ರ ಜೂನ್ 1ರಿಂದ ಗೂಗಲ್ ಫೋಟೋಸಿಗೆ ಹೊಸದಾಗಿ ಏರಿಸುವ ಚಿತ್ರಗಳೂ ಈ ಲೆಕ್ಕಕ್ಕೆ ಬಂದವು. ಮೊಮ್ಮಗಳ ಹುಟ್ಟುಹಬ್ಬದ ವಿಡಿಯೋಗಳಿಂದ ಖಾತೆ ತುಂಬಿತು ಅನ್ನಿ, ಕೊಟೇಶನ್ ಒಳಗೆ ಬರುವುದಿಲ್ಲ. ಉತ್ತರ 4ರಿಂದ ಶುರುವಾಗುವ ಸಂಖ್ಯೆಯಾದರೆ 'ಈಗ ಆಗದು, ಆಮೇಲೆ ಬಾ' ಎಂದರ್ಥ. ಸರ್ವರ್ ಬಿಟ್ಟು ಬಿಟ್ಟು ಪ್ರಯತ್ನಿಸುತ್ತದೆ, ಸಾಮಾನ್ಯವಾಗಿ ನಾಲ್ಕೈದು ದಿನ. 5ರಿಂದ ಶುರುವಾದರೆ 'ಆಗುವುದೇ ಇಲ್ಲ'. ಆಗ ಮೇಲ್ ತಲುಪಲಿಲ್ಲ ಎಂಬ ಓಲೆ ಹುಟ್ಟುತ್ತದೆ. ಸರಳವಾದ ಫಾರ್ವರ್ಡಿನಲ್ಲಿ ಕಳಿಸಿದವರ ವಿಳಾಸ ಬದಲಾಗಿರುವುದಿಲ್ಲ, ಹಾಗಾಗಿ ಆ ಓಲೆ ಹೋಗುವುದು ಬೆಂಗಳೂರಿನ ವ್ಯಾಪಾರಿಗೆ. ಅವರು ಕಳಿಸಿದ್ದು ಸಂಘಕ್ಕೆ, ಬಂದ ದೂರು ಕೇಳಿಯೇ ಇಲ್ಲದ ಯಾವುದೋ ಜೀಮೇಲ್ ಬಗ್ಗೆ. ಕಾರ್ಯದರ್ಶಿಯವರ ಖಾಸಗಿ ವಿಳಾಸ ಹೀಗೆ ಹೊರಗಿನವರಿಗೆ ಗೊತ್ತಾಗುವುದೂ ಉಂಟು. ಇಷ್ಟೆಲ್ಲ ಆದರೂ ಸಂಘದ ಪೆಟ್ಟಿಗೆಯಲ್ಲಿ ಪ್ರತಿ ಇದ್ದರೆ ಕೊಟೇಶನ್ ಸಿಕ್ಕಿತು, ಕೊಳೆ ರೋಗ ಶುರುವಾಗುವ ಮೊದಲು ಬೋರ್ಡೋ ಸಿಂಪಡಣೆಗೆ ಮೈಲುತುತ್ತವೂ ಬಂತು.

ಎರಡನೆಯದು ಸ್ವಲ್ಪ ಜಟಿಲ, ಇವತ್ತಿನ ಹೆಚ್ಚಿನ ತೊಂದರೆಗೆ ಇದೇ ಮೂಲ. ಎಸ್‌ಎಂಟಿಪಿ ಬರೆದ ಕಾಲದಲ್ಲಿ ಜಾಲದಲ್ಲಿದ್ದವರು ಒಬ್ಬರನ್ನೊಬ್ಬರು ನಂಬುತ್ತಿದ್ದರು. 'ಮೇಲ್ ಫ್ರಮ್' ಎಂದು ಯಾರ ವಿಳಾಸ ಹೇಳಿದರೂ ನಡೆಯುತ್ತಿತ್ತು. ಬ್ಯಾಂಕಿನ ಹೆಸರಲ್ಲಿ ಕಳ್ಳರು ಮೇಲ್ ಕಳಿಸಲು ಶುರು ಮಾಡಿದಾಗ ಎಸ್‌ಪಿಎಫ್ ಎಂಬ ತಡೆ ಬಂತು. ತನ್ನ ಹೆಸರಿನ ಮೇಲ್ ಯಾವ ಯಾವ ಸರ್ವರಿನಿಂದ ಹೊರಡಬಹುದು ಎಂದು ಬ್ಯಾಂಕ್ ಎಲ್ಲರಿಗೂ ಕಾಣುವ ಕಡೆ ಪಟ್ಟಿ ಹಾಕುತ್ತದೆ. ಮೇಲ್ ಪಡೆಯುವ ಸರ್ವರ್ ಆ ಪಟ್ಟಿ ನೋಡಿ, ಈಗ ಮಾತಾಡುತ್ತಿರುವ ಯಂತ್ರ ಅದರಲ್ಲಿ ಇದೆಯೇ ಎಂದು ಪರೀಕ್ಷಿಸುತ್ತದೆ.

ಫಾರ್ವರ್ಡ್ ಎಡವುವುದು ಇಲ್ಲೇ. ಬ್ಯಾಂಕಿನ ಮೇಲ್ ಸಂಘಕ್ಕೆ ಬಂತು, ಸಂಘದ ಸರ್ವರ್ ಅದನ್ನು ಜೀಮೇಲಿಗೆ ಕಳಿಸಿತು. ಜೀಮೇಲ್ ನೋಡುವಾಗ ಬ್ಯಾಂಕಿನ ಹೆಸರು ಹೇಳುತ್ತಿರುವುದು ಸಂಘದ ಸರ್ವರ್. ಬ್ಯಾಂಕಿನ ಪಟ್ಟಿಯಲ್ಲಿ ಅದು ಇಲ್ಲ. ಮಾಡಿದ್ದು ಪ್ರಾಮಾಣಿಕ ಕೆಲಸ, ಕಂಡದ್ದು ಕಳ್ಳನ ಹಾಗೆ. ಇದಕ್ಕೆ ಕೆಲವು ಸರ್ವರುಗಳು 'ಮೇಲ್ ಫ್ರಮ್' ಸಾಲನ್ನು ತಮ್ಮ ಹೆಸರಿಗೆ ಬದಲಿಸಿ, ಮೂಲ ವಿಳಾಸವನ್ನು ಅದರೊಳಗೇ ಅಡಗಿಸಿ ಕಳಿಸುತ್ತವೆ. ಎಸ್‌ಆರ್‌ಎಸ್ ಎಂದು ಈ ಉಪಾಯದ ಹೆಸರು. ತಲುಪದ ಓಲೆ ಬಂದರೂ ಮೊದಲು ಇದೇ ಸರ್ವರಿಗೆ ಬಂದು, ಇಲ್ಲಿಂದ ಮೂಲದವರಿಗೆ ಹೋಗುತ್ತದೆ.

ಡಿಕೆಐಎಂ ಎಂಬ ಇನ್ನೊಂದು ಪರೀಕ್ಷೆ ಫಾರ್ವರ್ಡಿನ ಸ್ನೇಹಿತ. ಬ್ಯಾಂಕು ಹೊರಡಿಸುವಾಗಲೇ ಪತ್ರದ ಮೇಲೆ ಗಣಿತದ ರುಜು ಹಾಕಿರುತ್ತದೆ. ಪತ್ರ ಯಾರ ಕೈಯಿಂದ ಬಂದರೂ, ಅಕ್ಷರ ಬದಲಾಗದಿದ್ದರೆ ರುಜು ತಾಳೆಯಾಗುತ್ತದೆ. ಆದರೆ ಸರ್ವರಿನವರು ಪತ್ರದ ಕೊನೆಗೆ 'ಇದು ಗೋಪ್ಯ, ತಪ್ಪಿ ಬಂದಿದ್ದರೆ ಅಳಿಸಿ' ಎಂಬ ಅಡಿಟಿಪ್ಪಣಿ ಅಂಟಿಸಿದರೆ ರುಜು ಕೆಡುತ್ತದೆ. ಯಾರೂ ಓದದ ಆ ಟಿಪ್ಪಣಿಗಾಗಿ ಬ್ಯಾಂಕಿನ ಮೇಲ್ ಕಳೆದುಕೊಳ್ಳುವುದು ಎಂಥ ವ್ಯವಹಾರ? ನನ್ನನ್ನು ಕೇಳಿದರೆ ಫಾರ್ವರ್ಡ್ ಆಗುವ ಮೇಲಿಗೆ ಒಂದಕ್ಷರವೂ ಸೇರಿಸಕೂಡದು.

ಎರಡು ಪರೀಕ್ಷೆಯೂ ಕೆಟ್ಟರೆ ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. ಕಳಿಸುವ ಸಂಸ್ಥೆಯೇ 'ಸ್ಪ್ಯಾಮಿಗೆ ಹಾಕಿ' ಅಥವಾ 'ತಿರಸ್ಕರಿಸಿ' ಎಂದು ಸಾರಿರುತ್ತದೆ. 2014ರ ಏಪ್ರಿಲಿನಲ್ಲಿ ಯಾಹೂ ತನ್ನ ವಿಳಾಸಗಳಿಗೆಲ್ಲ 'ತಿರಸ್ಕರಿಸಿ' ಎಂದು ಹಾಕಿದಾಗ, ನಡುವೆ ನಿಂತು ಮೇಲ್ ಹಂಚುತ್ತಿದ್ದ ಎಷ್ಟೋ ವ್ಯವಸ್ಥೆಗಳು ಕೈ ಕಟ್ಟಿ ಕೂರಬೇಕಾಯಿತು. 2019ರಲ್ಲಿ ಎಆರ್‌ಸಿ ಎಂಬ ಇನ್ನೊಂದು ವಿಧಾನದ ದಾಖಲೆ ಹೊರಬಂತು. ಅದರಲ್ಲಿ ನಡುವಿನ ಸರ್ವರ್ 'ನನ್ನ ಹತ್ತಿರ ಬಂದಾಗ ಎಲ್ಲ ಪರೀಕ್ಷೆಯೂ ಸರಿ ಇತ್ತು' ಎಂದು ತನ್ನ ರುಜು ಹಾಕಿ ಕಳಿಸುತ್ತದೆ. ಆ ಮಾತನ್ನು ನಂಬುವುದು ಬಿಡುವುದು ಪಡೆಯುವವರಿಗೆ ಸೇರಿದ್ದು.

ಪರಿಣಾಮ ಗಮನಿಸಿ. ಆ ಕಡೆಯವರು 250 ಎಂದು ಪತ್ರ ತೆಗೆದುಕೊಂಡು, ಆಮೇಲೆ ಸ್ಪ್ಯಾಮಿಗೆ ತಳ್ಳಬಹುದು. 250 ಎಂದರೆ ಸರ್ವರ್ ತೆಗೆದುಕೊಂಡಿತು ಎಂದು ಮಾತ್ರ ಅರ್ಥ, ಮನುಷ್ಯ ನೋಡಿದ ಎಂದಲ್ಲ. ಈ ಕಡೆಯ ಸರ್ವರಿನ ಲೆಕ್ಕದಲ್ಲಿ ಕೆಲಸ ಮುಗಿದಿದೆ. ದೂರು ಹೇಳುವ ಓಲೆಯೂ ಹುಟ್ಟುವುದಿಲ್ಲ. ಇಂಥ ಸದ್ದಿಲ್ಲದ ನಷ್ಟಕ್ಕೆ ಸ್ಥಳೀಯ ಪ್ರತಿ ಬಿಟ್ಟರೆ ಬೇರೆ ಮದ್ದಿಲ್ಲ. ಮೂಲದ ಪೆಟ್ಟಿಗೆಯ ಸ್ಪ್ಯಾಮನ್ನೂ ಆಗಾಗ ನೋಡಬೇಕು. ಜೀಮೇಲಿನ ಫಾರ್ವರ್ಡ್ ತಾನು ಸ್ಪ್ಯಾಮ್ ಅಂದುಕೊಂಡದ್ದನ್ನು ಮುಂದಕ್ಕೆ ಕಳಿಸುವುದೇ ಇಲ್ಲ.

ಸುತ್ತುವ ಇಮೇಲಿನ ಕಥೆಯೂ ಒಂದಿದೆ. ಸಂಘದ ಮೇಲ್ ಕಾರ್ಯದರ್ಶಿಗೆ, ಕಾರ್ಯದರ್ಶಿಯದು ಅಧ್ಯಕ್ಷರಿಗೆ, ಅಧ್ಯಕ್ಷರದು 'ಸಂಘದಲ್ಲಿರಲಿ' ಎಂದು ಮತ್ತೆ ಸಂಘಕ್ಕೆ ಹೋಗುವ ಹಾಗೆ ಹಾಕಿದರೆ ಮೇಲ್ ಗಿರಕಿ ಹೊಡೆಯುತ್ತದೆ, ಪ್ರತಿ ಸುತ್ತಿನಲ್ಲೂ ಎಲ್ಲರ ಪೆಟ್ಟಿಗೆಯಲ್ಲಿ ಒಂದೊಂದು ಪ್ರತಿ ಬಿಟ್ಟು. ಮೂವರೂ ಉಳಿದಿಬ್ಬರಿಗೆ ಫಾರ್ವರ್ಡ್ ಹಾಕಿಕೊಂಡರೆ ಇನ್ನೂ ಚಂದ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತನೇ ಹೆಜ್ಜೆಗೆ 1,024, ಇಪ್ಪತ್ತನೆಯದಕ್ಕೆ ಹತ್ತು ಲಕ್ಷ ದಾಟುತ್ತದೆ. ಹಾಗೆ ಆಗದಿರಲು ಪ್ರತಿ ಸರ್ವರೂ ಪತ್ರದ ತಲೆಗೆ 'ರಿಸೀವ್ಡ್' ಎಂಬ ಗುರುತು ಬರೆಯುತ್ತದೆ. ಗುರುತುಗಳು ಮಿತಿ ಮೀರಿದರೆ ಸರ್ವರ್ ಪತ್ರವನ್ನು ತಿರಸ್ಕರಿಸುತ್ತದೆ. ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದಲ್ಲಿ ಈ ಮಿತಿ 50. 'ಇದೇ ಪೆಟ್ಟಿಗೆಗೆ ಆಗಲೇ ಹಾಕಿದ್ದೇನೆ' ಎಂಬ ಗುರುತನ್ನೂ ಅದು ಪತ್ರದ ಮೇಲೆ ಬರೆಯುವುದರಿಂದ ಹೆಚ್ಚಿನ ಸಲ ಒಂದೇ ಸುತ್ತಿಗೆ ಸಿಕ್ಕಿಬೀಳುತ್ತದೆ.

ಈ ಗುರುತುಗಳನ್ನು ನೀವೇ ಓದಬಹುದು. ಜೀಮೇಲಿನಲ್ಲಿ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಎಂಬುದನ್ನು ಆರಿಸಿ. 'ರಿಸೀವ್ಡ್' ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಹೊಸದು ಯಾವಾಗಲೂ ಮೇಲೆ ಸೇರುತ್ತದೆ. ಸಂಘದ ಮೇಲಿನಲ್ಲಿ ಕೆಳಗೆ ವ್ಯಾಪಾರಿಯ ಸರ್ವರ್, ನಡುವೆ ಸಂಘದ್ದು, ಮೇಲೆ ಗೂಗಲ್. ಸಂಘದ ಸಾಲಿನಲ್ಲಿ ಸಮಯ ಬೆಳಿಗ್ಗೆ 10:42, ಪಕ್ಕದಲ್ಲಿ +0530, ಅದು ನಮ್ಮ ಗಡಿಯಾರ. ಗೂಗಲ್ ಸಾಲಿನಲ್ಲಿ ಹಿಂದಿನ ದಿನದ ರಾತ್ರಿ 22:12, ಪಕ್ಕದಲ್ಲಿ -0700. 'ಬರೋದಕ್ಕೆ ಮುಂಚೆನೇ ಹೋಯ್ತಾ?' ಎಂದು ಗಾಬರಿಯಾಗಬೇಡಿ. ಅದು ಕ್ಯಾಲಿಫೋರ್ನಿಯಾದ ಬೇಸಿಗೆಯ ಗಡಿಯಾರ. ಎರಡೂ ಒಂದೇ ನಿಮಿಷ.

ಪ್ರತಿ ಉಳಿಸಿಕೊಳ್ಳುವ ಈ ಟಿಕ್ಕು ಕಳ್ಳರಿಗೂ ಇಷ್ಟ. ಯಾರದೋ ಪಾಸ್‌ವರ್ಡ್ ಸಿಕ್ಕಿದಾಗ ಅವರು ಮಾಡುವ ಮಾಮೂಲಿ ಕೆಲಸಗಳಲ್ಲಿ ಒಂದು, ತಮ್ಮ ವಿಳಾಸಕ್ಕೆ ಫಾರ್ವರ್ಡ್ ಹಾಕುವುದು. ಪ್ರತಿ ಉಳಿಯದಿದ್ದರೆ ಮಾಲೀಕರಿಗೆ 'ಮೇಲೇ ಬರ್ತಿಲ್ವಲ್ಲ' ಎಂದು ಅನುಮಾನ ಬರುತ್ತದೆ. ಪ್ರತಿ ಉಳಿದರೆ ಏನೂ ಗೊತ್ತಾಗುವುದಿಲ್ಲ, ಎಲ್ಲ ಎಂದಿನಂತೆ. ಮಾಲೀಕರು ಪಾಸ್‌ವರ್ಡ್ ಬದಲಿಸಿದರೂ ಫಾರ್ವರ್ಡ್ ನಿಯಮ ಹಾಗೇ ಇರುತ್ತದೆ. ಹಣದ ಬಿಲ್ಲು ಯಾವಾಗ ಬರುತ್ತದೆ ಎಂದು ಕಾಯ್ದು, ಬ್ಯಾಂಕ್ ಖಾತೆ ಸಂಖ್ಯೆ ಬದಲಾಗಿದೆ ಎಂದು ಸುಳ್ಳು ಮೇಲ್ ಬರೆಯುವ ವಂಚನೆಗೆ ಇದೇ ಕಿಂಡಿ. ಹಾಗಾಗಿ ಫಾರ್ವರ್ಡ್ ಪಟ್ಟಿಯನ್ನೂ ಫಿಲ್ಟರುಗಳನ್ನೂ ಆಗಾಗ ತೆರೆದು ನೋಡಬೇಕು. ಕಾರ್ಯದರ್ಶಿ ನಿವೃತ್ತರಾದ ದಿನವಂತೂ ನೋಡಲೇಬೇಕು. ಬೀಗದ ಕೈ ವಾಪಸ್ ಪಡೆಯುವ ಸಂಘಗಳು ಇದನ್ನು ಮರೆಯುತ್ತವೆ.

ಇಷ್ಟೆಲ್ಲ ಓದಿದ ಮೇಲೆ ಫಾರ್ವರ್ಡೇ ಬೇಕಾ ಎಂದು ಕೇಳಿದರೆ, ಎಷ್ಟೋ ಸಲ ಬೇಡ ಅನ್ನುತ್ತೇನೆ. ಒಬ್ಬರೇ ಎರಡು ಕಡೆ ಮೇಲ್ ನೋಡುವುದಾದರೆ ಸಂಘದ ಖಾತೆಯನ್ನೇ ಫೋನಿಗೆ ಐಮ್ಯಾಪ್ ವಿಧಾನದಲ್ಲಿ ಜೋಡಿಸಬಹುದು. ಪೆಟ್ಟಿಗೆ ಒಂದೇ, ನೋಡುವ ಕಿಟಕಿ ಎರಡು. ಉತ್ತರವೂ ಸಂಘದ ವಿಳಾಸದಿಂದಲೇ ಹೋಗುತ್ತದೆ, ಅದರ ಪ್ರತಿಯೂ ಉಳಿಯುತ್ತದೆ. ಎಸ್‌ಪಿಎಫ್ ತಕರಾರೂ ಇಲ್ಲ. ಇನ್ನೊಬ್ಬರಿಗೆ ಪಾಸ್‌ವರ್ಡ್ ಕೊಡಲು ಇಷ್ಟವಿಲ್ಲ ಆದರೆ ಮೇಲ್ ಮಾತ್ರ ಗೊತ್ತಾಗಬೇಕು ಅನ್ನುವಾಗ, ಅಥವಾ ಹಳೇ ವಿಳಾಸದಿಂದ ಹೊಸದಕ್ಕೆ ನಿಧಾನವಾಗಿ ದಾಟುವಾಗ, ಫಾರ್ವರ್ಡ್ ಒಳ್ಳೆಯದು. ನಮ್ಮ ಕಾರ್ಯದರ್ಶಿಯವರು ಎರಡನ್ನೂ ಕೇಳಿಕೊಂಡು, "ಫೋನಲ್ಲಿ ಎರಡೆರಡು ಅಕೌಂಟ್ ನನಗೆ ಆಗೋದಲ್ಲ, ಫಾರ್ವರ್ಡೇ ಇರ್ಲಿ" ಅಂದರು. ಇರಲಿ.

ಹಾಕಿದ ಮೇಲೆ ಪರೀಕ್ಷಿಸುವಾಗ ಮೂರನೇ ಖಾತೆಯಿಂದ ಮೇಲ್ ಕಳಿಸಿ. ಕಾರ್ಯದರ್ಶಿಯವರ ಜೀಮೇಲಿನಿಂದಲೇ ಸಂಘಕ್ಕೆ ಕಳಿಸಿ, ಅದು ವಾಪಸ್ ಅದೇ ಜೀಮೇಲಿಗೆ ಬರುತ್ತದಾ ಎಂದು ಕಾಯ್ದರೆ ಇನ್‌ಬಾಕ್ಸಿನಲ್ಲಿ ಏನೂ ಕಾಣುವುದಿಲ್ಲ. ಪ್ರತಿ ಮೇಲಿಗೂ ಒಂದು ಗುರುತು ಸಂಖ್ಯೆ ಇರುತ್ತದೆ, ಫಾರ್ವರ್ಡ್ ಆದರೂ ಅದು ಬದಲಾಗದು. ತಾನೇ ಕಳಿಸಿದ ಸಂಖ್ಯೆ ವಾಪಸ್ ಬಂದಾಗ ಜೀಮೇಲ್ ಇದು ಸೆಂಟ್ ಪಟ್ಟಿಯಲ್ಲಿ ಆಗಲೇ ಇದೆಯಲ್ಲ ಎಂದು ಇನ್ನೊಂದನ್ನು ತೋರಿಸುವುದಿಲ್ಲ. ಫಾರ್ವರ್ಡ್ ಸರಿಯಾಗೇ ಇರುತ್ತದೆ, ಜನ ಕೆಟ್ಟಿದೆ ಎಂದು ಸೆಟ್ಟಿಂಗ್ ಕೆದಕಿ ನಿಜವಾಗಿಯೂ ಕೆಡಿಸುತ್ತಾರೆ. ಮನೆಯಲ್ಲಿ ಬೇರೆ ಯಾರದಾದರೂ ಫೋನಿನಿಂದ ಒಂದು ಸಾಲು ಬರೆದು ಸಂಘದ ವಿಳಾಸಕ್ಕೆ ಕಳಿಸಿ. ಅದು ಕಾರ್ಯದರ್ಶಿಯವರ ಇನ್‌ಬಾಕ್ಸಿನಲ್ಲಿ ಕಾಣಬೇಕು, ಕಚೇರಿಯ ಪೆಟ್ಟಿಗೆಯಲ್ಲೂ ಇನ್ನೂ ಓದದ ದಪ್ಪ ಅಕ್ಷರದಲ್ಲಿ ಇರಬೇಕು.